ಜಮೀನಿನಲ್ಲಿ ತೈಲ ಪೈಪ್‌ಲೈನ್ ಹಾದಿದೆ, ಅಡಿಕೆ ಹಾಕಬಹುದಾ?

ತೋಟದ_ದಾರಿ:
ಹಾಸನದ ಹತ್ತಿರ 2 ಎಕರೆ ಖುಷ್ಕಿ ಮಾರಾಟಕ್ಕಿದೆ. ಮಂಗಳೂರು–ಹಾಸನ–ಬೆಂಗಳೂರು ತೈಲ ಪೈಪ್‌ಲೈನ್ ಅದರೊಳಗೇ ಹೋಗಿದೆ, ಬದುವಿನಲ್ಲಿ ಎಚ್ಚರಿಕೆ ಫಲಕವೂ ಇದೆ. ಇಸಿ (ಋಣಭಾರ ಪತ್ರ) ಮಾತ್ರ ಕ್ಲೀನ್. ಅಡಿಕೆ, ಬೋರ್, ಒಂದು ಶೆಡ್ ಮಾಡೋ ಯೋಚನೆ. ‘ಪೈಪು ಆಳದಲ್ಲಿದೆ, ಏನೂ ಆಗಲ್ಲ’ ಅಂತಾರೆ ಮಾರುವವರು.

ಪಹಣಿ_ಪುಟ್ಟ:
ಇಸಿ ನಂಬಬೇಡಿ. ಅದರಲ್ಲಿ ಬರುವುದು ನೋಂದಣಿಯಾದ ಪತ್ರಗಳಷ್ಟೇ. ಪೈಪ್‌ಲೈನಿಗೆ ಜಮೀನು ಬಳಸುವ ಹಕ್ಕು 1962ರ ಪೆಟ್ರೋಲಿಯಂ ಪೈಪ್‌ಲೈನ್ ಕಾಯ್ದೆಯಡಿ ಗೆಜೆಟ್ ಪ್ರಕಟಣೆಯಿಂದಲೇ ಹೋಗುತ್ತದೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರುವುದೇ ಇಲ್ಲ. ಪಹಣಿಯ 11ನೇ ಕಾಲಂ ನೋಡಿ. ಅಲ್ಲೂ ಖಾಲಿ ಇದ್ದರೆ ಸರ್ವೆ ನಂಬರ್ ಹಿಡಿದು ಗೆಜೆಟ್ ತೆಗೆಸಿ, ಎಷ್ಟು ಗುಂಟೆ ಹೋಗಿದೆ ಅಂತ ಅದರಲ್ಲೇ ಇರುತ್ತದೆ. ಹೀಗೆ ಬಳಕೆ ಹಕ್ಕು ಹೋದ ಜಾಗದ ಪಟ್ಟಿಯ ಅಗಲ ಸಾಮಾನ್ಯವಾಗಿ 18 ಮೀಟರ್. ಅಂದರೆ 100 ಮೀಟರ್ ಉದ್ದಕ್ಕೆ ಸುಮಾರು 18 ಗುಂಟೆ!

ಮಾಲೀಕತ್ವ ನಿಮ್ಮದೇ ಇರುತ್ತದೆ. ಆದರೆ ಸೆಕ್ಷನ್ 9ರ ಪ್ರಕಾರ ಆ ಪಟ್ಟಿಯಲ್ಲಿ ಕಟ್ಟಡ, ಬಾವಿ, ಕೆರೆ, ಮರ ಕೂಡದು. ಅಡಿಕೆ, ಶೆಡ್ ಎರಡೂ ಹೋಯಿತು. ಬೋರ್ ಕೂಡ ಪಟ್ಟಿಯ ಹೊರಗೇ ಕೊರೆಸಬೇಕು. ಭೂಮಿಯ ಬೆಲೆಯ ಶೇ 10 ಪರಿಹಾರ ಅಧಿಸೂಚನೆ ದಿನದ ದರಕ್ಕೆ ಲೆಕ್ಕ, ಅದು ಹಳೆ ಮಾಲೀಕರ ಪಾಲು. ಮುಂದೆ ರಿಪೇರಿಗೆ ಅಗೆದು ಬೆಳೆ ಹಾಳಾದರೆ ಆ ನಷ್ಟ ನಿಮಗೆ ಬರಬೇಕು. ಈ ಗುಂಟೆಗಳಿಗೆ ತೋಟದ ರೇಟು ಕೊಡಬೇಡಿ.

ಮಣ್ಣು_ಮಾಪಕ:
ರಾಗಿ, ಜೋಳ, ತರಕಾರಿ ಧಾರಾಳವಾಗಿ ಬೆಳೆಯಬಹುದು. ಪೈಪಿನ ಮೇಲೆ ಮೀಟರಿನಷ್ಟು ಮಣ್ಣಿರುತ್ತದೆ, ಮಾಮೂಲಿ ಉಳುಮೆ ಅಷ್ಟು ಆಳಕ್ಕೆ ಹೋಗಲ್ಲ. ಎಡವಟ್ಟಾಗುವುದು ಜೆಸಿಬಿಯಿಂದ ಗದ್ದೆ ಮಟ್ಟ ಮಾಡುವಾಗ. ಎತ್ತರದ ಕಡೆ ಎರಡಡಿ ಮಣ್ಣು ಎತ್ತಿದರೆ ಉಳಿಯುವುದು ಒಂದಡಿ ಚಿಲ್ಲರೆ. ಬಕೆಟ್ ಹಲ್ಲು ತಾಗಿ ಹೊರಲೇಪ ಕಿತ್ತರೆ ಅವತ್ತು ಏನೂ ಸೋರಲ್ಲ, ತುಕ್ಕು ಅಲ್ಲಿಂದ ಶುರು. ಮರದ ಬೇರೂ ಆ ಲೇಪಕ್ಕೇ ಶತ್ರು.

ತೋಟದ_ದಾರಿ:
ಪೈಪು ಪಟ್ಟಿಯ ಮಧ್ಯದಲ್ಲೇ ಇರುತ್ತಾ? ಅಂಚಿನಿಂದ ಅಂದಾಜು ಹಾಕಬಹುದಾ?

ಮಣ್ಣು_ಮಾಪಕ:
ಬೇಡ. ಮುಂದೆ ಇನ್ನೊಂದು ಪೈಪಿಗೆ ಜಾಗ ಬಿಟ್ಟು ಒಂದು ಪಕ್ಕಕ್ಕೆ ಹಾಕಿರುವುದೂ ಉಂಟು. ಫಲಕದ ನಂಬರಿಗೆ ಫೋನ್ ಮಾಡಿದರೆ ಲೊಕೇಟರ್ ತಂದು ಗುರುತು ಹಾಕಿಕೊಡುತ್ತಾರೆ. ಅಂಚಿನ ಹತ್ತಿರ ಪಾಯ ಅಗೆಯುವುದಾದರೂ ಮೊದಲು ತಿಳಿಸಿ.

ಇನ್ನೊಂದು: ಪಟ್ಟಿಯ ಮೇಲೆ ಒಂದೇ ಕಡೆ ಪೈರು ಸುಟ್ಟಂತೆ ಒಣಗಿದರೆ, ಬಾವಿ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪೊರೆ ಕಂಡರೆ, ಪೆಟ್ರೋಲ್ ವಾಸನೆ ಬಂದರೆ ಸೋರಿಕೆ ಅಂತಲೇ ತಿಳಿಯಿರಿ. ಪಂಪ್‌ಸೆಟ್ ಸ್ವಿಚ್ ಮುಟ್ಟಬೇಡಿ: ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಹಾರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಗಾಳಿಗೆ ಎದುರಾಗಿ ದೂರ ನಡೆದು ಹೋಗಿ, ಆಮೇಲೆ ಫಲಕದ ನಂಬರ್, 112. ತಗ್ಗಿನಲ್ಲಿ ನಿಲ್ಲಬೇಡಿ, ಪೆಟ್ರೋಲ್ ಆವಿ ಗಾಳಿಗಿಂತ ಭಾರ.