ಲಸಿಕೆಯನ್ನು ‘ಹಾಕಿಸು’ವುದೋ ‘ಕೊಡಿಸು’ವುದೋ?

ಮಾನ್ಯರೇ,

ಕಳೆದ ವಾರ ಉಡುಪಿಯಲ್ಲಿ, 14 ವಾರ ತುಂಬಿದ ಮಗಳನ್ನು ಲಸಿಕೆಗೆಂದು ಸರಕಾರಿ ಆಸ್ಪತ್ರೆಗೆ ಕರೆದೊಯ್ದಿದ್ದೆವು. ದಾದಿಯವರು ಪೋಲಿಯೊ ಹನಿಯನ್ನು ‘ಹಾಕುತ್ತೇನೆ’ ಎಂದರು, ರೋಟಾವೈರಸ್ ಲಸಿಕೆಯನ್ನು ‘ಕುಡಿಸುತ್ತೇನೆ’ ಎಂದರು, ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಗಾಗಿ ಎಡತೊಡೆಯನ್ನು ಒರೆಸುತ್ತ ‘ಇನ್ನು ಇಂಜೆಕ್ಷನ್ ಕೊಡುವುದು, ಗಟ್ಟಿ ಹಿಡ್ಕೊಳ್ಳಿ’ ಎಂದರು. ಮನೆಗೆ ಬಂದಾಗ ಅತ್ತೆಯವರು ಕೇಳಿದ್ದು ಮಾತ್ರ ‘ಲಸಿಕೆ ಹಾಕಿಸಿ ಆಯ್ತಾ?’ ಎಂದು. ಮೂರು ಬೇರೆ ಬೇರೆ ಕೆಲಸಗಳಿಗೂ ಈ ಒಂದೇ ‘ಹಾಕಿಸು’ ಹೇಗೆ ಸಂದಿತು ಎಂಬುದು ನನ್ನ ಪ್ರಶ್ನೆ.

ಇದು ‘ದೇವಿ ಹಾಕಿಸು’ (ಸಿಡುಬಿನ ಲಸಿಕೆ ಹಾಕಿಸು) ಎಂಬ ಹಳೆಯ ಮಾತಿನಿಂದ ಉಳಿದು ಬಂದ ಕ್ರಿಯಾಪದವೆಂದು ನನ್ನ ಊಹೆ. ನಮ್ಮ ಅಜ್ಜಿ ತೋಳಿನ ಮೇಲಿನ ದುಂಡನೆಯ ಕಲೆಯನ್ನು ತೋರಿಸಿ ‘ಇದು ದೇವಿ ಹಾಕಿದ್ದು’ ಎನ್ನುತ್ತಿದ್ದರು. ಸಿಡುಬಿನ ಲಸಿಕೆಯ ಹನಿಯನ್ನು ಚರ್ಮದ ಮೇಲಿಟ್ಟು ಗೀರುತ್ತಿದ್ದುದರಿಂದ, ಹಚ್ಚೆ ಹಾಕಿಸಿಕೊಂಡಂತೆ, ಅಲ್ಲಿ ‘ಹಾಕು’ ಎಂಬುದು ಅಕ್ಷರಶಃ ಒಪ್ಪುತ್ತಿತ್ತು. ಲೋಕದಿಂದ ಸಿಡುಬು ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು. ‘ದೇವಿ’ಯೂ ಮಾತಿನಿಂದ ಮರೆಯಾದಳು, ಕ್ರಿಯಾಪದವಷ್ಟೇ ‘ಲಸಿಕೆ’ಯ ಜೊತೆ ಸೇರಿಕೊಂಡಿತು. ‘ಲಸಿಕೆ’ ಎಂಬ ನಾಮಪದವೂ ಅದೇ ರೋಗದ ನೆನಪನ್ನು ಇಟ್ಟುಕೊಂಡಿರಬಹುದು: ಸಂಸ್ಕೃತದ ‘ಲಸೀಕಾ’ ಎಂದರೆ ದೇಹದೊಳಗಿನ ನೀರಿನಂಥ ರಸ, 1796ರಲ್ಲಿ ಎಡ್ವರ್ಡ್ ಜೆನ್ನರ್ ಬಳಸಿದ್ದು ಗೋಸಿಡುಬಿನ ಗುಳ್ಳೆಯ ರಸ.

ಪತ್ರಿಕೆಗಳು ‘ಲಸಿಕೆ’ಗೆ ಪರ್ಯಾಯವಾಗಿ ‘ಚುಚ್ಚುಮದ್ದು’ ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಬಾಯಿಗೆ ಬಿಡುವ ಹನಿಯಲ್ಲಿ ಚುಚ್ಚುವುದೇನೂ ಇಲ್ಲ, ಜ್ವರಕ್ಕೆ ಕೊಡುವ ಇಂಜೆಕ್ಷನ್ ಚುಚ್ಚುಮದ್ದಾದರೂ ಲಸಿಕೆಯಲ್ಲ. ಕಾಯಿಲೆ ಬಂದ ಮೇಲೆ ಕೊಡುವುದಷ್ಟೇ ಮದ್ದು, ಆರೋಗ್ಯವಂತ ಮಗುವಿಗೆ ಮದ್ದೇಕೆ ಎಂಬ ಇನ್ನೊಂದು ಆಕ್ಷೇಪವೂ ನನ್ನಲ್ಲಿತ್ತು; ಆದರೆ ನಮ್ಮ ಕಡೆ ಕೊಳೆರೋಗ ಬಾರದಿರಲೆಂದು ಮಳೆಗೆ ಮೊದಲೇ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೂ ‘ಮದ್ದು ಬಿಡುವುದು’ ಎಂದೇ ಹೇಳುವುದರಿಂದ ಆ ಆಕ್ಷೇಪವನ್ನು ಕೈಬಿಟ್ಟಿದ್ದೇನೆ.

ಇನ್ನೊಂದು ತೊಡಕಿದೆ. ಲಸಿಕೆಯನ್ನು ದಾದಿ ‘ಹಾಕುತ್ತಾರೆ’, ತಾಯಿ ‘ಹಾಕಿಸುತ್ತಾಳೆ’, ದೊಡ್ಡವರು ತಾವೇ ‘ಹಾಕಿಸಿಕೊಳ್ಳುತ್ತಾರೆ’. ಕೈಕಾಲು ಬಡಿದು ಅಳುವ ಕೂಸಿನ ವಿಷಯದಲ್ಲಿ ‘ಮಗು ಲಸಿಕೆ ಹಾಕಿಸಿಕೊಂಡಿತು’ ಎಂದು ಬರೆದರೆ, ಅದು ಇಷ್ಟಪಟ್ಟು ತೋಳೊಡ್ಡಿದಂತೆ ಕೇಳುತ್ತದೆ. ‘ಮಗುವಿಗೆ ಲಸಿಕೆ ಆಯಿತು’ ಎಂಬ ಆಡುಮಾತನ್ನು ಬರವಣಿಗೆಗೂ ತರಬಹುದೇ?

ಕುಂದಾಪುರ ಕಡೆಯ ಹಿರಿಯರು ‘ದೇವಿ’ಯ ಜೊತೆ ‘ಹಾಕು’ ಅಲ್ಲದೆ ಬೇರೆ ಯಾವುದಾದರೂ ಕ್ರಿಯಾಪದವನ್ನು ಬಳಸುತ್ತಿದ್ದರೇ, ತುಳುವಿನವರು ಇಲ್ಲಿಯೂ ‘ಪಾಡುನಿ’ (ಹಾಕುವುದು) ಎಂದೇ ಹೇಳುತ್ತಿದ್ದರೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.