ಸಹಾಯ ಬೇಕು: 200 ಗಂಟೆಯ ಯೋಗ ಶಿಕ್ಷಕರ ತರಬೇತಿ, ಒಂದೇ ತಿಂಗಳಲ್ಲೋ ವಾರಾಂತ್ಯಗಳಲ್ಲೋ?

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಯೋಗ ಮಾಡುತ್ತಿದ್ದೇನೆ, ಈಗ ಕಲಿಸುವ ಆಸೆ ಬಂದಿದೆ. ಯೋಗ ಅಲಯನ್ಸ್ (ಯೋಗ ಶಾಲೆಗಳನ್ನು, ಶಿಕ್ಷಕರನ್ನು ನೋಂದಾಯಿಸುವ ಅಮೆರಿಕದ ಸಂಸ್ಥೆ) ಮಾನದಂಡದ 200 ಗಂಟೆಯ ಕೋರ್ಸ್ ನೋಡುತ್ತಿದ್ದೇನೆ. ಅಲಯನ್ಸ್ ತಾನೇ ಪ್ರಮಾಣಪತ್ರ ಕೊಡುವುದಿಲ್ಲ, ಅದನ್ನು ಕೊಡುವುದು ಶಾಲೆ. ಅಲಯನ್ಸ್‌ನಲ್ಲಿ ನೋಂದಾಯಿತವಾದ ಶಾಲೆಯಲ್ಲಿ ಕಲಿತವರು ಆಮೇಲೆ ಅಲಯನ್ಸ್‌ನಲ್ಲಿ ಹೆಸರು ನೋಂದಾಯಿಸಬಹುದು, ಅಷ್ಟೇ. ಹಾಗಾಗಿ ಶಾಲೆಯ ಆಯ್ಕೆಯೇ ಮುಖ್ಯ, ಅಲ್ವಾ?

ನನ್ನ ಗೊಂದಲ ಇಲ್ಲಿದೆ. ಒಂದು ಶಾಲೆ ಸುಮಾರು ಒಂದು ತಿಂಗಳಲ್ಲಿ ಮುಗಿಸುತ್ತದೆ, ಬೆಳಗಿನಿಂದ ರಾತ್ರಿಯವರೆಗೆ. ಇನ್ನೊಂದು ವಾರಾಂತ್ಯಗಳಲ್ಲಿ ತಿಂಗಳುಗಟ್ಟಲೆ ನಡೆಸುತ್ತದೆ. ಮೊದಲನೆಯದರಲ್ಲಿ ಮನಸ್ಸು ಬೇರೆಡೆ ಓಡುವುದಿಲ್ಲ, ನಿಜ. ಆದರೆ ದಿನವಿಡೀ ಆಸನ ಮಾಡಿದರೆ ಮೊಣಕಾಲು, ಮಣಿಕಟ್ಟು ತಡೆದುಕೊಳ್ಳುತ್ತವಾ? ಕಲಿತದ್ದು ತಲೆಗೆ ಇಳಿಯಲು ಸಮಯ ಸಿಗುತ್ತದಾ? ವಾರಾಂತ್ಯದ್ದಾದರೆ ನಡುವೆ ಗೆಳೆಯರಿಗೆ ಕಲಿಸಿ ನೋಡಬಹುದು, ಅದು ನನಗೆ ಜಾಸ್ತಿ ಇಷ್ಟ.

ಅಲಯನ್ಸ್ ಮಾನದಂಡದ ಪ್ರಕಾರ ಪಠ್ಯದಲ್ಲಿ ಅಂಗರಚನೆ ಮತ್ತು ಶರೀರಶಾಸ್ತ್ರಕ್ಕೆ 30 ಗಂಟೆ ಇರಬೇಕು. ಸ್ಲೈಡ್ ತೋರಿಸಿ ಮುಗಿಸುತ್ತಾರಾ, ಅಥವಾ ಬೆನ್ನುನೋವು ಇರುವವರಿಗೆ, ಬಿ.ಪಿ. ಇರುವವರಿಗೆ ಆಸನ ಹೇಗೆ ಬದಲಿಸಬೇಕು ಅಂತ ಕೈಹಿಡಿದು ಕಲಿಸುತ್ತಾರಾ? ನನಗೆ ಭಯ ಇರುವುದು ಅಲ್ಲೇ. ಶೀರ್ಷಾಸನ ಚೆನ್ನಾಗಿ ಬರುವವರೆಲ್ಲ ಒಳ್ಳೆ ಶಿಕ್ಷಕರಾಗುವುದಿಲ್ಲ.

 

ಕೋರ್ಸ್ ಮುಗಿಸಿ ಈಗ ಕಲಿಸುತ್ತಿರುವವರು ದಯವಿಟ್ಟು ಹೇಳಿ. ನಿಮ್ಮ ಕೋರ್ಸ್‌ನಲ್ಲಿ ನೀವೇ ತರಗತಿ ನಡೆಸಲು ಎಷ್ಟು ಅವಕಾಶ ಸಿಕ್ಕಿತು? ಬ್ಯಾಚ್ ಎಷ್ಟು ದೊಡ್ಡದಿತ್ತು? ಸೇರುವ ಮೊದಲು ಶಾಲೆಯವರನ್ನು ಏನು ಕೇಳಬೇಕು? ಸುಮ್ನೆ "ಚೆನ್ನಾಗಿದೆ" ಅನ್ನದೆ ಕೊರತೆಗಳನ್ನೂ ಬರೆಯಿರಿ.