ಕಡವಿನ ಪಾಸಿಗೆ ಸಹಿ ಹಾಕುವ ಮೊದಲು

ಕುಟುಂಬದ ಎಲ್ಲ ಹಿರಿಯರಿಗೂ ಕಿರಿಯರಿಗೂ ನನ್ನ ನಮಸ್ಕಾರ. ನಿನ್ನೆ ರಾತ್ರಿ ದೊಡ್ಡ ಭಾವನವರು ನಮ್ಮ ಹೊಳೆಕಡವಿನ, ಅಂದರೆ ದೋಣಿ ಹತ್ತಿ ಇಳಿಯುವ ಜಾಗದ, ವಿಷಯವಾಗಿ ಹಾಕಿದ ಸಂದೇಶವನ್ನು ನಾನು ಮೂರು ಸಲ ಓದಿದೆ. ಉತ್ತರ ಉದ್ದವಾಗುತ್ತದೆ. ಆದ್ದರಿಂದ ದಯವಿಟ್ಟು ಬಿಡುವು ಮಾಡಿಕೊಂಡು ಕೊನೆಯವರೆಗೆ ಕೇಳಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಸಂದೇಶವನ್ನು ನೋಡದವರಿಗಾಗಿ ಅದರ ಸಾರವನ್ನು ಹೇಳುತ್ತೇನೆ. ಕಳೆದ ಪುತ್ತರಿ, ನಮ್ಮ ಕೊಡಗಿನ ಸುಗ್ಗಿ ಹಬ್ಬ, ಮುಗಿದ ಮೇಲೆ ಕಡವಿಗೆ ಇಳಿಯುವ ದಾರಿಗೆ ಗೇಟು ಹಾಕಿಸಿದ ತೋಟದ ಮಾಲೀಕರು ಈಗ ಒಂದು ರಾಜಿಗೆ ಬಂದಿದ್ದಾರೆ. ಆ ಜಾಗವನ್ನು ದೋಣಿ ಮತ್ತು ರಾಫ್ಟಿಂಗ್ ನಡೆಸುವವರಿಗೆ ಮೂರು ವರ್ಷದ ಗುತ್ತಿಗೆಗೆ ಕೊಡುತ್ತಾರಂತೆ. ಗುತ್ತಿಗೆದಾರರು ಮೆಟ್ಟಿಲಿಗೆ ಕಾಂಕ್ರೀಟ್ ಹಾಕಿಸಿ, ದೀಪದ ಕಂಬ ನಿಲ್ಲಿಸಿ, ಊರಿನ ಪ್ರತಿ ಮನೆಗೆ ಒಂದು ಪಾಸನ್ನು ಉಚಿತವಾಗಿ ಕೊಡುತ್ತಾರಂತೆ. ಪಾಸು ಪಡೆಯುವವರು ಒಂದು ಕಾಗದಕ್ಕೆ ಸಹಿ ಹಾಕಬೇಕು, ಬರುವ ಭಾನುವಾರ ಕುಟುಂಬದ ಮೂಲಮನೆಯಾದ ಐನ್ ಮನೆಯಲ್ಲಿ ಸೇರಿದಾಗ ಎಲ್ಲರೂ ಸಹಿ ಹಾಕಿ ಮುಗಿಸೋಣ ಎಂಬುದು ಭಾವನವರ ಸಲಹೆ. ಜಗಳವಿಲ್ಲದೆ ಮುಗಿಯಲಿ ಎಂಬ ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಆ ಕಾಗದಕ್ಕೆ ನಮ್ಮಲ್ಲಿ ಒಬ್ಬರೂ ಸಹಿ ಹಾಕಬಾರದು ಎಂದು ನಾನು ಕೈಮುಗಿದು ಕೇಳುತ್ತೇನೆ.

ಕಾರಣ ಆ ಪಾಸಿನಲ್ಲೇ ಇದೆ. ಇಂದಿನವರೆಗೆ ನಾವು ಆ ದಾರಿಯಲ್ಲಿ ನಡೆದದ್ದು ಯಾರ ಅಪ್ಪಣೆಯಿಂದಲೂ ಅಲ್ಲ. ಅಜ್ಜಂದಿರ ಕಾಲದಲ್ಲಿ ಭತ್ತದ ಮೂಟೆ ದೋಣಿಗೆ ಏರಿದ್ದು, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಾಲಿನ ಕ್ಯಾನು ಹೊತ್ತು ಆಚೆ ದಡಕ್ಕೆ ಹೋಗುತ್ತಿದ್ದುದು, ತುಲಾ ಸಂಕ್ರಮಣದ ಬೆಳಿಗ್ಗೆ ಕೇರಿಗೆ ಕೇರಿಯೇ ಸ್ನಾನಕ್ಕೆ ಇಳಿಯುವುದು, ಇವೆಲ್ಲ ಹಗಲಿನ ಬೆಳಕಿನಲ್ಲಿ, ಎಲ್ಲರ ಕಣ್ಣೆದುರಿಗೆ, ನಮ್ಮ ದಾರಿ ಎಂಬ ನಂಬಿಕೆಯಿಂದ ನಡೆದುಕೊಂಡು ಬಂದಿವೆ. ಕಾನೂನು ಬೆಲೆ ಕೊಡುವುದು ಇದಕ್ಕೇ. 1882ರ ಅನುಭೋಗದ ಹಕ್ಕುಗಳ, ಅಂದರೆ ಇನ್ನೊಬ್ಬರ ನೆಲವನ್ನು ದಾರಿ ಮುಂತಾದ್ದಕ್ಕೆ ಬಳಸುವ ಹಕ್ಕುಗಳ, ಕಾಯಿದೆಯ 15ನೆಯ ಕಲಮಿನ ಪ್ರಕಾರ, ಖಾಸಗಿ ಜಮೀನಿನ ಮೇಲಿನ ದಾರಿಯನ್ನು 20 ವರ್ಷ ಶಾಂತಿಯಿಂದ, ಬಹಿರಂಗವಾಗಿ, ಹಕ್ಕೆಂದೇ ತಿಳಿದು, ತಡೆಯಿಲ್ಲದೆ ಬಳಸಿದ್ದರೆ ಆ ಹಕ್ಕು ಪೂರ್ಣವಾಗುತ್ತದೆ. ಸರ್ಕಾರಿ ಜಮೀನಾದರೆ ಅವಧಿ 30 ವರ್ಷ. ಈ ಕಾಯಿದೆ ಮೊದಲು ಜಾರಿಗೆ ಬಂದ ಪ್ರದೇಶಗಳು ಮೂರೇ, ಮದರಾಸು ಪ್ರಾಂತ್ಯ, ಮಧ್ಯ ಪ್ರಾಂತ್ಯ ಮತ್ತು ನಮ್ಮ ಕೊಡಗು. ಅಂದರೆ ಕೊಡಗು ಮೈಸೂರು ರಾಜ್ಯದೊಂದಿಗೆ ಸೇರುವುದಕ್ಕಿಂತ 74 ವರ್ಷ ಮೊದಲೇ ಈ ನೆಲದ ಕಾಲುದಾರಿಗಳಿಗೆ ಕಾನೂನಿನ ರಕ್ಷಣೆ ಇತ್ತು.

ಈಗ ಪಾಸಿನ ವಿಷಯಕ್ಕೆ ಬರುತ್ತೇನೆ. ಪಾಸು ಎಂದರೆ ಅನುಮತಿ. ಅದೇ ಕಾಯಿದೆಯಲ್ಲಿ ಅನುಮತಿಗೆ ಬೇರೆ ಅಧ್ಯಾಯವಿದೆ, ಮತ್ತು ಅನುಮತಿ ಕೊಟ್ಟವರು ಅದನ್ನು ಹಿಂದಕ್ಕೆ ಪಡೆಯಬಹುದು ಎಂದು ಅದರ 60ನೆಯ ಕಲಮು ಹೇಳುತ್ತದೆ. ನಾವು ಇಂದು ಸಹಿ ಹಾಕಿ ಪಾಸು ಪಡೆದರೆ, ನಾಳೆ ನ್ಯಾಯಾಲಯದಲ್ಲಿ ಎದುರು ಪಕ್ಷದವರು ತೋರಿಸುವ ಮೊದಲ ದಾಖಲೆ ಆ ಕಾಗದವೇ ಆಗಿರುತ್ತದೆ. ಇವರು ಹಕ್ಕಿನಿಂದ ನಡೆದವರಲ್ಲ, ನಮ್ಮ ಅನುಮತಿಯಿಂದ ನಡೆದವರು, ಇವರೇ ಒಪ್ಪಿ ಬರೆದುಕೊಟ್ಟಿದ್ದಾರೆ ಎಂದು ಅವರು ಹೇಳುತ್ತಾರೆ. ಮೂರು ವರ್ಷದ ಮೇಲೆ ಗುತ್ತಿಗೆದಾರರು ಬದಲಾದರೆ, ತೋಟವೇ ಬೇರೆಯವರಿಗೆ ಮಾರಾಟವಾದರೆ, ಪಾಸು ನವೀಕರಣವಾಗದಿದ್ದರೆ, ಆಗ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಮೆಟ್ಟಿಲಿನ ಕಾಂಕ್ರೀಟ್ ಕೂಡ ನಮ್ಮದಾಗಿರುವುದಿಲ್ಲ.

ಇನ್ನೊಂದು ಅಂಶವಿದೆ, ಅದು ದಿನಗಳ ಲೆಕ್ಕಕ್ಕೆ ಸೇರಿದ್ದು. ದಾರಿಗೆ ಅಡ್ಡಿ ಬಂದದ್ದು ತಿಳಿದೂ ಒಂದು ವರ್ಷ ಅದನ್ನು ಒಪ್ಪಿಕೊಂಡು ಸುಮ್ಮನಿದ್ದರೆ ಮಾತ್ರ ಕಾನೂನಿನ ದೃಷ್ಟಿಯಲ್ಲಿ ಬಳಕೆಗೆ ತಡೆ ಉಂಟಾಯಿತು ಎಂದಾಗುತ್ತದೆ. ಗೇಟು ಬಂದು ಇನ್ನೂ ವರ್ಷವಾಗಿಲ್ಲ. ಮುಂದಿನ ಪುತ್ತರಿಯ ಒಳಗೆ ನಮ್ಮ ಆಕ್ಷೇಪ ಲಿಖಿತವಾಗಿ ದಾಖಲಾಗಬೇಕು. ಗುಂಪಿನಲ್ಲಿ ಬೇಸರ ಹೇಳಿಕೊಂಡರೆ ಸಾಲದು, ಸ್ವೀಕೃತಿಯ ಮೊಹರು ಇರುವ ಅರ್ಜಿ ಬೇಕು. ಕುಶಾಲನಗರದ ವಕೀಲರೊಬ್ಬರೂ ನನಗೆ ಇದನ್ನೇ ಒತ್ತಿ ಹೇಳಿದರು.

ಬೆಂಗಳೂರಿನಲ್ಲಿರುವ ನಮ್ಮ ಹುಡುಗ, ಸೇತುವೆ ಆಗಿ ಇಷ್ಟು ವರ್ಷವಾದ ಮೇಲೆ ಕಡವು ಯಾರಿಗೆ ಬೇಕು ಎಂದು ಕೇಳಿದ್ದಾನೆ. ಮಗೂ, ನೀನು ಊರಿಗೆ ಕಾರಿನಲ್ಲಿ ಬರುತ್ತೀಯ, ಆದ್ದರಿಂದ ಆ ಪ್ರಶ್ನೆ ನಿನಗೆ ಸಹಜ. ಸೇತುವೆಯ ದಾರಿ ಸುತ್ತಿ ಬಂದರೆ ಏಳು ಕಿಲೋಮೀಟರ್. ತೋಟದ ಕೆಲಸಗಾರರ ಲೈನ್ ಮನೆಗಳಿಂದ ಆಚೆ ದಡದ ತೋಟಗಳಿಗೆ ಕೆಲಸಕ್ಕೆ ಹೋಗುವ ಹೆಂಗಸರು ಮುಂಜಾನೆಯ ಮಂಜಿನಲ್ಲಿ, ಸಂಜೆಯ ಮಬ್ಬಿನಲ್ಲಿ ಆ ರಸ್ತೆಯಲ್ಲಿ ನಡೆಯಬೇಕು. ಅಲ್ಲಿ ಯಾವ ಕಾಫಿ ಗಿಡದ ಮರೆಯಲ್ಲಿ ಆನೆ ನಿಂತಿದೆ ಎಂದು ಯಾರೂ ಹೇಳಲಾರರು. ದೋಣಿಯಲ್ಲಾದರೆ ಅವರು ಹತ್ತು ನಿಮಿಷದಲ್ಲಿ ದಾಟುತ್ತಾರೆ. ಭಾಗಮಂಡಲವನ್ನು ನೋಡು. ಮಳೆಗಾಲದಲ್ಲಿ ಸಂಗಮ ಉಕ್ಕಿ ರಸ್ತೆ ಮುಳುಗಿದಾಗ ಅಲ್ಲಿ ದೋಣಿಯೇ ಗತಿಯಾಗಿತ್ತು. ಈಗ ಎತ್ತರದ ಸೇತುವೆ ಬಂದಿದೆ. ಸೇತುವೆ ಬಂದಿತೆಂದು ಸಂಗಮಕ್ಕೆ ಇಳಿಯುವ ಮೆಟ್ಟಿಲನ್ನು ಯಾರಾದರೂ ಮುಚ್ಚಿದರೇ? ಪಿಂಡ ಇಡುವವರು, ತೀರ್ಥ ಸ್ನಾನ ಮಾಡುವವರು ನೀರಿನ ಬಳಿಗೇ ಇಳಿಯಬೇಕಲ್ಲವೇ?

2019ರ ಆಗಸ್ಟ್ ತಿಂಗಳನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳಲ್ಲಿ ಕಾವೇರಿ ಮನೆಗಳ ಒಳಗೆ ಹರಿದು, ದಡದ ಕುಟುಂಬಗಳು ಮನೆ ಕಳೆದುಕೊಂಡು ಪರಿಹಾರ ಕೇಂದ್ರ ಸೇರಿದ ಆ ದಿನಗಳಲ್ಲಿ, ನಮ್ಮ ತಗ್ಗಿನ ಸಾಲು ಮನೆಗಳ ಮುದುಕರನ್ನು ಮತ್ತು ಮಕ್ಕಳನ್ನು ದೋಣಿಯಲ್ಲಿ ತಂದು ಇಳಿಸಿದ್ದು ಇದೇ ಕಡವಿನ ಮೇಲಿನ ಬಂಡೆಯ ಹತ್ತಿರ. ಅಂದು ಗೇಟು ಇರಲಿಲ್ಲ. ಅಂಥ ರಾತ್ರಿಯಲ್ಲಿ ಬೀಗದ ಕೀ ಯಾರ ಹತ್ತಿರ ಇರುತ್ತದೆ, ಅವರ ಫೋನಿಗೆ ನೆಟ್‌ವರ್ಕ್ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಗುತ್ತಿಗೆಯ ಕರಡಿನಲ್ಲಿ ಒಂದು ಸಾಲೂ ಇಲ್ಲ. ಈ ವರ್ಷ ಚಿಕ್ಕ ಮಾವನವರ ಅಸ್ಥಿ ಬಿಡಲು ನಾವೆಲ್ಲ ಹೋದಾಗ, ಕಾವಲಿನವನು ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ನಮ್ಮನ್ನು ಅರ್ಧ ಗಂಟೆ ಬಿಸಿಲಿನಲ್ಲಿ ನಿಲ್ಲಿಸಿದ್ದು ನೆನಪಿದೆಯಲ್ಲ. ಅತ್ತೆಯವರು ಮಡಕೆಯನ್ನು ಎದೆಗೆ ಒತ್ತಿ ಹಿಡಿದು ಬೇಲಿಯ ಪಕ್ಕದಲ್ಲಿ ನಿಂತಿದ್ದರು. ಆ ಹುಡುಗನ ತಪ್ಪೇನೂ ಇರಲಿಲ್ಲ, ಅವನು ಸಂಬಳಕ್ಕೆ ಇರುವವನು. ಆದರೆ ಗಂಡನ ಅಸ್ಥಿಯನ್ನು ಹೊಳೆಗೆ ಬಿಡಲು ಹೆಂಡತಿಯೊಬ್ಬಳು ಅಪ್ಪಣೆ ಕಾಯಬೇಕಾದ ದಿನ ನಮ್ಮ ಊರಿಗೆ ಬಂತಲ್ಲ ಎಂಬ ನೋವು ನನಗೆ ಇನ್ನೂ ಇಳಿದಿಲ್ಲ.

ಇಷ್ಟು ಹೇಳಿದ ಮೇಲೆ ತೋಟದ ಮಾಲೀಕರ ಮಾತಿನಲ್ಲಿ ನಿಜವಿರುವಷ್ಟನ್ನೂ ಹೇಳಬೇಕು. ಅವರು ಗೇಟು ಹಾಕಿದ್ದು ನಮ್ಮ ಮೇಲಿನ ದ್ವೇಷದಿಂದಲ್ಲ. ಶನಿವಾರ ಮತ್ತು ಭಾನುವಾರ ಪ್ರವಾಸಿಗರ ಕಾರುಗಳು ಅವರ ಗಿಡಗಳ ಸಾಲಿನೊಳಗೇ ನಿಲ್ಲುತ್ತಿದ್ದವು. ಬಂಡೆಗಳ ಮೇಲೆ ಬಾಟಲಿ ಒಡೆದು ಹೋಗುತ್ತಿದ್ದರು. ಈಜು ಬಾರದ ಹುಡುಗರು ಮಡುವಿಗೆ ಇಳಿದಾಗಲೆಲ್ಲ ಏನಾದರೂ ಆದರೆ ಹೊಣೆ ಯಾರದು ಎಂಬ ಭಯ ಅವರಿಗಿತ್ತು. ಆಗ ನಾವು ಏನು ಮಾಡಿದೆವು? ಊರಿನ ಕಡವು ಎಂದೆವು, ಆದರೆ ಗುಡಿಸಲು ಯಾರೂ ಹೋಗಲಿಲ್ಲ. ನಾನು ಎರಡು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಆಸ್ತಿ ವಹಿಯಲ್ಲಿ ಶಾಲೆ, ಅಂಗನವಾಡಿ, ಬಾವಿ, ಸ್ಮಶಾನ ಎಲ್ಲವನ್ನೂ ಬರೆಸಿದೆ, ಕಡವನ್ನು ಬರೆಸಲಿಲ್ಲ. ಅದು ಹೊಳೆಯ ಹಾಗೆ ಎಂದಿಗೂ ಇರುತ್ತದೆ ಎಂದುಕೊಂಡಿದ್ದೆ. ಆ ಲೋಪ ನನ್ನದು, ಅದನ್ನು ಸರಿಪಡಿಸುವುದೂ ನನ್ನ ಕರ್ತವ್ಯ ಎಂದು ತಿಳಿದೇ ಈ ಮಾತನ್ನು ಆಡುತ್ತಿದ್ದೇನೆ.

ಸಮುದ್ರವಿಲ್ಲದ ನಮ್ಮ ಜಿಲ್ಲೆಗೆ ಬಂದರು ಎಂದರೆ ಇಂಥ ಕಡವುಗಳೇ. ಬಂದರಿಗೆ ಬೇಕಾದ ಶಿಸ್ತು ಇದಕ್ಕೂ ಬೇಕು. ಕರ್ನಾಟಕ ಭೂಕಂದಾಯ ಕಾಯಿದೆ, 1964ರ 67ನೆಯ ಕಲಮಿನಂತೆ ಹೊಳೆಯೂ ಸಾರ್ವಜನಿಕ ದಾರಿಯೂ ಸರ್ಕಾರದ ಸ್ವತ್ತು. ಆದ್ದರಿಂದ ನೀರಿನ ಅಂಚನ್ನು ಗುತ್ತಿಗೆಗೆ ಕೊಡಲು ತೋಟದವರಿಗೆ ಅಧಿಕಾರವಿಲ್ಲ. ಅವರು ತಮ್ಮ ನೆಲವನ್ನು ಮಾತ್ರ ಕೊಡಬಲ್ಲರು. ಅವರ ನೆಲದಲ್ಲಿ ಹಾದುಹೋಗುವ ದಾರಿ ಗ್ರಾಮ ನಕ್ಷೆಯಲ್ಲಿ ಗುರುತಾಗಿದೆಯೇ, ಪಹಣಿಯಲ್ಲಿ ಅಷ್ಟು ಸೆಂಟು ‘ಬಿ’ ಖರಾಬು ಎಂದು ಬಿಟ್ಟಿದ್ದಾರೆಯೇ ಎಂಬುದನ್ನು ಭೂಮಾಪನ ಕಚೇರಿಯಲ್ಲಿ ನೋಡಬೇಕು. ‘ಬಿ’ ಖರಾಬು ಎಂದರೆ ಸಾರ್ವಜನಿಕ ಬಳಕೆಗೆ ಉಳಿಸಿದ ನೆಲ. ಹಾಗಿದ್ದರೆ ವಾದವೇ ಮುಗಿಯುತ್ತದೆ. ಇಲ್ಲದಿದ್ದರೆ ಬಳಕೆಯ ಹಕ್ಕನ್ನು ಸಾಕ್ಷಿಗಳಿಂದ ತೋರಿಸಬೇಕು.

ನಡೆಸುವ ಹೊಣೆಯನ್ನು ಪಂಚಾಯಿತಿ ವಹಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಸಂವಿಧಾನದ 11ನೆಯ ಅನುಸೂಚಿಯ 29 ವಿಷಯಗಳಲ್ಲಿ 13ನೆಯದು ರಸ್ತೆ, ಮೋರಿ, ಸೇತುವೆ, ದೋಣಿ ಕಡವು ಮತ್ತು ಜಲಮಾರ್ಗಗಳಿಗೆ ಸಂಬಂಧಿಸಿದ್ದು. ಗ್ರಾಮ ಸಭೆಯಲ್ಲಿ ಠರಾವು ಮಾಡಿ, ಕಡವನ್ನು ಆಸ್ತಿ ವಹಿಗೆ ಸೇರಿಸಿ, ಎರಡೂ ದಡದವರ ಒಂದು ಸಮಿತಿ ಮಾಡಿಸೋಣ. ಆ ಸಮಿತಿಯಲ್ಲಿ ಲೈನ್ ಮನೆಯವರೂ ಯರವ ಬುಡಕಟ್ಟಿನ ಹಾಡಿಯವರೂ ಇರಲೇಬೇಕು, ಈ ಒಂದು ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ. ದೋಣಿಯನ್ನು ನಮಗಿಂತ ಹೆಚ್ಚು ಬಳಸುವವರು ಅವರು. ಈ ಗುಂಪಿನಲ್ಲಿ ಅವರಲ್ಲಿ ಒಬ್ಬರೂ ಇಲ್ಲ. ಮನೆಗೊಂದು ಪಾಸು ಎಂಬ ಲೆಕ್ಕದಲ್ಲಿ ಸ್ವಂತ ಮನೆ ನಂಬರ್ ಇಲ್ಲದ ಅವರು ಮೊದಲೇ ಹೊರಗೆ ಉಳಿಯುತ್ತಾರೆ. ಪಕ್ಕದ ಜಮೀನಿಗೆ ಅಂಟಿಕೊಂಡ ದಾರಿಯ ಹಕ್ಕು ಜಮೀನು ಇರುವವರಿಗೆ ಸಿಗುತ್ತದೆ. ಜಮೀನಿಲ್ಲದವರನ್ನು ಕಾಯುವುದು ಊರಿನ ರೂಢಿಯಿಂದ ಬಂದ ಸಾರ್ವಜನಿಕ ಹಕ್ಕು. ನಮ್ಮ ಅರ್ಜಿ ಕುಟುಂಬದ ಹೆಸರಿನಲ್ಲಿ ಮಾತ್ರ ಹೋದರೆ ಆ ಎರಡನೆಯದು ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಅರ್ಜಿ ಊರಿನ ಹೆಸರಿನಲ್ಲಿ ಹೋಗಲಿ.

ದೋಣಿಯ ಸುರಕ್ಷತೆಯ ವಿಷಯದಲ್ಲಿ ಗುತ್ತಿಗೆದಾರರನ್ನು ನಂಬಿ ಕೂರುವುದು ಬೇಡ, ಹಾಗೆಯೇ ನಮ್ಮ ಹಳೆಯ ಅಭ್ಯಾಸವನ್ನು ನಂಬಿ ಕೂರುವುದೂ ಬೇಡ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ಹತ್ತಿಸಿದ ದೋಣಿ ಮುಳುಗಿ 22 ಮಂದಿ ಹೋದರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಯಂತ್ರದ ದೋಣಿಗೆ 2021ರ ಒಳನಾಡು ಹಡಗುಗಳ ಕಾಯಿದೆಯಂತೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ, ಅರ್ಹ ಚಾಲಕ ಮತ್ತು ವಿಮೆ ಬೇಕು. ಗುತ್ತಿಗೆದಾರರು ಇವುಗಳಲ್ಲಿ ಒಂದನ್ನೂ ಇನ್ನೂ ತೋರಿಸಿಲ್ಲ. ನಮ್ಮ ಹುಟ್ಟು ಹಾಕುವ ದೋಣಿಗೂ ಎಷ್ಟು ಜನ ಎಂಬುದನ್ನು ಅದರ ಮೈಮೇಲೆಯೇ ಬಣ್ಣದಲ್ಲಿ ಬರೆಸಬೇಕು, ಕುಳಿತವರಿಗೆಲ್ಲ ಜಾಕೆಟ್ ಇರಬೇಕು, ಮಕ್ಕಳ ಅಳತೆಯದೂ ಸೇರಿ. ಕೆಳಗಿನ ಬಂಡೆಗೆ ಕೆಂಪು ಗೆರೆ ಎಳೆದು, ನೀರು ಆ ಗೆರೆ ದಾಟಿದ ದಿನ ಯಾರು ಹೇಳಿದರೂ ದೋಣಿ ಬಿಡಬಾರದು. ಭಾಗಮಂಡಲದ ಕಡೆ ಜಡಿಮಳೆ ಹಿಡಿದರೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ ಎಂಬುದನ್ನು ಹೊಸಬರಿಗೆ ತಿಳಿಸಲು ಅಲ್ಲೊಂದು ಫಲಕ ಬೇಕು. ಮಳೆ ಬಿರುಸಾಗಿರುವ ಕಕ್ಕಡ ತಿಂಗಳಲ್ಲಿ ದೋಣಿ ಪೂರ್ತಿ ನಿಲ್ಲಲಿ.

ಪ್ರವಾಸಿಗರನ್ನು ಬರಲೇ ಬೇಡಿ ಎನ್ನುವವರ ಜೊತೆ ನಾನಿಲ್ಲ. ಹೊಳೆ ಅವರಿಗೂ ಸೇರಿದ್ದು. ಅವರ ವಾಹನಗಳು ಮೇಲಿನ ಪೈಸಾರಿ, ಅಂದರೆ ಸರ್ಕಾರಿ, ಜಾಗದಲ್ಲಿ ನಿಲ್ಲಲಿ, ಅದಕ್ಕೆ ಪಂಚಾಯಿತಿ ರಸೀದಿ ಕೊಟ್ಟು ಶುಲ್ಕ ಪಡೆಯಲಿ, ಆ ಹಣದಿಂದ ಕಡವನ್ನು ಗುಡಿಸುವವರಿಗೆ ಸಂಬಳವಾಗಲಿ. ಗೇಟಿನ ಜಾಗದಲ್ಲಿ ಬೀಗವಿಲ್ಲದ ತಡಮೆ ಹಾಕಿದರೆ ಮನುಷ್ಯರು ನಡೆದು ಹೋಗಬಹುದು, ಕಾರು ಒಳಗೆ ಹೋಗಲಾರದು. ತೋಟದವರ ನಿಜವಾದ ತೊಂದರೆ ಅಷ್ಟರಲ್ಲೇ ಬಹುಪಾಲು ಕಳೆಯುತ್ತದೆ. ಈ ಮಾತನ್ನು ಅವರ ಮುಂದೆ ಗೌರವದಿಂದ ಇಡಲು ದೊಡ್ಡ ಭಾವನವರಿಗಿಂತ ಯೋಗ್ಯರು ನಮ್ಮಲ್ಲಿಲ್ಲ, ಆ ಮನೆಯವರೊಂದಿಗೆ ಅವರ ಸ್ನೇಹ ಹಳೆಯದು.

ಭಾವನವರೇ, ಭಾನುವಾರದ ಸಭೆ ಹಾಗೆಯೇ ಇರಲಿ. ಪಾಸಿನ ಕಾಗದದ ಬದಲು ತಹಸೀಲ್ದಾರರಿಗೆ ಮತ್ತು ಪಂಚಾಯಿತಿಗೆ ಕೊಡುವ ಆಕ್ಷೇಪದ ಅರ್ಜಿಯನ್ನು ಅಂದು ಓದೋಣ, ಕರಡು ಸಿದ್ಧವಾಗಿದೆ. ಎಪ್ಪತ್ತು ದಾಟಿದ ಹಿರಿಯರು ಕಡವನ್ನು ಯಾವಾಗಿನಿಂದ, ಯಾವುದಕ್ಕೆ ಬಳಸಿದಿರಿ ಎಂಬುದನ್ನು ನೆನಪಾದಷ್ಟು ಹೇಳಿ, ಹುಡುಗರು ಬರೆದುಕೊಳ್ಳಲಿ. ತುಲಾ ಸಂಕ್ರಮಣದ ಸ್ನಾನದ, ದೋಣಿಯ, 2019ರ ನೆರೆಯ ಹಳೆಯ ಫೋಟೋಗಳು ಯಾರ ಮನೆಯ ಆಲ್ಬಮ್ಮಿನಲ್ಲಿದ್ದರೂ ತನ್ನಿ, ಹಿಂದೆ ದಿನಾಂಕ ಬರೆದಿದ್ದರೆ ಇನ್ನೂ ಒಳ್ಳೆಯದು. ಲೈನ್ ಮನೆಯವರನ್ನು ಮತ್ತು ಹಾಡಿಯ ಹಿರಿಯರನ್ನು ಕರೆಯಲು ನಾಳೆ ಬೆಳಿಗ್ಗೆ ನಾನೇ ಹೋಗುತ್ತೇನೆ, ಜೊತೆಗೆ ಬರುವವರಿದ್ದರೆ ಏಳು ಗಂಟೆಗೆ ನಮ್ಮ ಅಂಗಳದಲ್ಲಿರಿ.